ನೆಲ್ಲಿಪಲ್ಕೆಯ ಮೊದಲ ಮಗು

ನೆಲ್ಲಿಪಲ್ಕೆ
17 ಆಗಸ್ಟ್ 2025

ಅಮ್ಮನಿಗೆ,

ಚಿದಾನಂದನ ನಮಸ್ಕಾರ. ನಿನ್ನೆ ಫೋನು ಮಾಡಿದ್ದೆ. ನೀನು ‘ಯಾರು, ಯಾರು’ ಎಂದು ಕೇಳಿ ಕೇಳಿ ಇಟ್ಟುಬಿಟ್ಟೆ. ಕಿವಿಯ ಮೆಷಿನು ಪೆಟ್ಟಿಗೆಯಲ್ಲೇ ಉಂಟೆಂದು ಗೊತ್ತಾಯಿತು. ಇನ್ನು ಕಾಗದ ಬರೆಯುವುದೇ ಒಳ್ಳೆಯದು ಎಂದು ನಿನ್ನ ಸೊಸೆ ದೀಪಶ್ರೀ ಹೇಳಿದಳು. ನಾನು ಅವಳಿಗೂ ಒಂದು ಕಾಗದ ಬರೆದವನಲ್ಲ. ಅಂಗಡಿಯ ಬಿಲ್ಲು ಬರೆದೇ ಅಭ್ಯಾಸ. ತಪ್ಪಿದ್ದರೆ ನಗಬೇಡ.

ವಿಷಯ ಏನೆಂದರೆ, ನಮ್ಮ ಪೇಟೆಗೆ ಐವತ್ತು ವರ್ಷ ತುಂಬುತ್ತದೆ. ಡಿಸೆಂಬರ್ ಇಪ್ಪತ್ತೆಂಟು, ಆದಿತ್ಯವಾರ, ಶಾಲೆಯ ಮೈದಾನದಲ್ಲಿ ಸುವರ್ಣ ಮಹೋತ್ಸವ. ಬೇರೆ ಊರುಗಳಿಗೆ ಹುಟ್ಟಿದ ದಿನ ಎಲ್ಲಿ ಉಂಟು? ನಮ್ಮದಕ್ಕೆ ಉಂಟು. ಆಮಂತ್ರಣ ಪತ್ರಿಕೆಗೆ ನಾನೇ ಹೀಗೆ ಬರೆದುಕೊಟ್ಟೆ: ‘ಎಪ್ಪತ್ತನಾಲ್ಕರ ನೆರೆಯಲ್ಲಿ ನೇತ್ರಾವತಿಯ ನಡುವಿನ ಕುದ್ರಿನ ಮೇಲಿದ್ದ ಮನೆಮಠಗಳನ್ನು ಕಳೆದುಕೊಂಡ ನಮ್ಮ ಹಿರಿಯರು, ಸರಕಾರ ಕೊಟ್ಟ ಐದೈದು ಸೆಂಟ್ಸ್ ಜಾಗದಲ್ಲಿ ಈ ಪೇಟೆಯನ್ನು ಕಟ್ಟಿದರು.’ ಓದಿದವರೆಲ್ಲ ಚೆನ್ನಾಗುಂಟು ಎಂದರು.

ನೆರೆಯ ನಂತರ ಇಲ್ಲಿಗೆ ಮೊದಲ ಲಾರಿಯಲ್ಲಿ ಬಂದ ದೊಡ್ಡವರಲ್ಲಿ ಈಗ ಇರುವುದು ನೀನು ಮತ್ತು ಬೇಕರಿಯ ಹಕೀಮಣ್ಣನ ತಾಯಿ ರುಖಿಯಮ್ಮ, ಇಬ್ಬರೇ. ನಿಮ್ಮಿಬ್ಬರನ್ನು ವೇದಿಕೆಯಲ್ಲಿ ಅಕ್ಕಪಕ್ಕ ಕೂರಿಸಿ ಶಾಲು ಹೊದಿಸುವುದೆಂದು ಸಮಿತಿಯಲ್ಲಿ ತೀರ್ಮಾನವಾಗಿದೆ. ರುಖಿಯಮ್ಮನಿಗೆ ಮರೆವು ಹೆಚ್ಚಾಗಿದೆ. ಒಮ್ಮೊಮ್ಮೆ ಹಕೀಮಣ್ಣನನ್ನೇ ‘ನೀನು ಯಾರ ಮಗ?’ ಎಂದು ಕೇಳುತ್ತಾರಂತೆ. ಆದರೂ ಕರೆತರುತ್ತಾರೆ. ನನಗೂ ಒಂದು ಸನ್ಮಾನ ಉಂಟು. ‘ನೆಲ್ಲಿಪಲ್ಕೆಯಲ್ಲಿ ಹುಟ್ಟಿದ ಮೊದಲ ಮಗು’ ಎಂದು. ಈ ನಲವತ್ತೊಂಬತ್ತರ ಮಗುವನ್ನು ನೋಡಲಿಕ್ಕಾದರೂ ಬಾ. ಕಾರು ತರುತ್ತೇನೆ. ಸಿದ್ಧಕಟ್ಟೆಯ ಬಸ್ಸಿನಲ್ಲಿ ನೀನು ಕುಲುಕಾಡಿಕೊಂಡು ಬರುವುದು ಬೇಡ.

ನಿನ್ನ ಮಗ,
ಚಿದಾನಂದ

* * *

ಮೂಡುಬಿದಿರೆ
2 ಸೆಪ್ಟೆಂಬರ್ 2025

ಮಗ ಚಿದಾನಂದನಿಗೆ ಅಮ್ಮನ ಆಶೀರ್ವಾದಗಳು.

ಕಾಗದ ತಲಪಿತು. ನಿನ್ನ ಅಕ್ಷರ ನಿನ್ನ ಅಪ್ಪನ ಅಕ್ಷರದ ಹಾಗೆಯೇ ಬಲಕ್ಕೆ ವಾಲುತ್ತದೆ. ನನ್ನದು ಐದನೇ ಕ್ಲಾಸಿನದ್ದು, ನಿಧಾನಕ್ಕೆ ಓದಿಕೋ.

ನಾನು ಇದ್ದೇನೆ. ತಂಗಿ ದಮಯಂತಿ ತೀರಿಹೋದ ಮೇಲೆ ಮನೆ ದೊಡ್ಡದಾಗಿ ಕಾಣುತ್ತದೆ. ಅವಳು ಇದ್ದಾಗ ಒಂದು ಕೋಣೆಗೆ ಇಬ್ಬರು ಜಗಳ ಮಾಡುತ್ತಿದ್ದೆವು. ಮಾಳಿಗೆಯಲ್ಲಿ ಕಾಲೇಜಿನ ಹುಡುಗಿಯರು ಬಾಡಿಗೆಗೆ ಇದ್ದಾರೆ. ಅವರು ಬಂದದ್ದು ಹೋದದ್ದು ನನಗೆ ಕೇಳುವುದಿಲ್ಲ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಉಂಟೋ ಇಲ್ಲವೋ ನೋಡಿ ತಿಳಿಯುವುದು. ಸಂಜೆ ಕೆರೆಯ ಕಟ್ಟೆಯಲ್ಲಿ ಕೂತು ಬರುತ್ತೇನೆ.

ನಿಮ್ಮ ಕಾರ್ಯಕ್ರಮಕ್ಕೆ ನನಗೆ ಬರಲಿಕ್ಕಾಗುವುದಿಲ್ಲ. ಮೊಣಗಂಟು ನೋವು. ರುಖಿಯಮ್ಮನಿಗೇ ಹೊದಿಸಿ. ಒಳ್ಳೆಯ ಶಾಲು ತನ್ನಿ. ಸನ್ಮಾನಕ್ಕೆಂದು ಮಾರುವ ತೆಳ್ಳಗಿನದ್ದು ಬೇಡ, ಅವಳಿಗೆ ಮೊದಲಿನಿಂದಲೂ ಚಳಿ ಜಾಸ್ತಿ. ಅವಳು ಊಟ ಮಾಡುತ್ತಾಳಾ? ಯಾರ ಯಾರ ಹೆಸರು ಹೇಳುತ್ತಾಳೆ? ನನ್ನ ಹೆಸರು ಎತ್ತುತ್ತಾಳಾ? ವಿಚಾರಿಸಿ ಬರೆ.

ಮೊಮ್ಮಗಳು ವಿಸ್ಮಿತಾಳಿಗೆ ಚೆನ್ನಾಗಿ ಓದಲು ಹೇಳು.

ಅಮ್ಮ

* * *

ನೆಲ್ಲಿಪಲ್ಕೆ
5 ಅಕ್ಟೋಬರ್ 2025

ಅಮ್ಮ,

ಮೊಣಗಂಟು ನೋವಿಗೆ ಮದ್ದು ಉಂಟು. ಅದು ಕಾರಣವಲ್ಲವೆಂದು ನಿನಗೂ ಗೊತ್ತುಂಟು, ನನಗೂ ಗೊತ್ತುಂಟು.

ಮೊನ್ನೆ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ನಿತ್ಯಾನಂದಣ್ಣ ಎಲ್ಲರ ಎದುರು ಕೇಳಿದರು, “ಎಂತ ಮಾರಾಯ, ಊರಿಡೀ ಕರೀತಿ, ನಿನ್ನ ಅಮ್ಮನನ್ನು ಕರಕೊಂಡು ಬರಲಿಕ್ಕೆ ನಿನಗಾಗುದಿಲ್ವಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಉಣ್ಣಲಿಕ್ಕೆ ಮನಸ್ಸಾಗಲಿಲ್ಲ. ಊರಿನವರು ಏನು ಮಾತಾಡುತ್ತಾರೆಂದು ನಿನಗೆ ಗೊತ್ತುಂಟಾ? ಹೆಂಡತಿಯ ಮಾತು ಕೇಳಿ ಅಮ್ಮನನ್ನು ಹೊರಗೆ ಹಾಕಿದ ಎನ್ನುತ್ತಾರೆ. ಪಾಪ ದೀಪಶ್ರೀ, ನೀನು ಮಲಗುತ್ತಿದ್ದ ಮಂಚಕ್ಕೆ ಇವತ್ತಿಗೂ ಹೊದಿಕೆ ಬದಲಾಯಿಸುತ್ತಾಳೆ.

ಅಪ್ಪನ ವರ್ಷಾಂತಿಕ ಕಳೆದ ಮರುದಿನ ನೀನು ಚೀಲ ಹಿಡಿದು ಜಗಲಿಯಲ್ಲಿ ನಿಂತಿದ್ದೆ. “ಇಲ್ಲಿ ನಿನಗೆ ಎಂತ ಕಡಿಮೆ ಆದದ್ದು?” ಎಂದು ಕೇಳಿದೆ. “ಕಡಿಮೆ ಎಂತದೂ ಇಲ್ಲ” ಎಂದೆ. ಅಷ್ಟೇ. ಮತ್ತೆ ಬಸ್ಸು ಬಂತು. ಕಡಿಮೆ ಇಲ್ಲದಿದ್ದರೆ ಯಾಕೆ ಹೋದೆ? ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಯೋಚಿಸುವುದು ಇದನ್ನೇ. ನಾನು ಏನು ಮಾಡಿದೆ ಎಂದು ಹೇಳಿದರೆ ತಿದ್ದಿಕೊಳ್ಳಬಹುದಿತ್ತು.

ಒಂದೇ ದಿನ ಬಾ. ಒಂದು ಗಂಟೆ ಕುರ್ಚಿಯಲ್ಲಿ ಕೂತರೆ ಸಾಕು. ಮತ್ತೆ ನಾನೇ ತಂದು ಬಿಡುತ್ತೇನೆ.

ರುಖಿಯಮ್ಮನ ಬಗ್ಗೆ ಕೇಳಿದ್ದಿ. ಗಂಜಿ ಕುಡಿಯುತ್ತಾರಂತೆ. ಯಾರ ಹೆಸರೂ ಹೇಳುವುದಿಲ್ಲವಂತೆ.

ಚಿದಾನಂದ

* * *

ಮೂಡುಬಿದಿರೆ
24 ಅಕ್ಟೋಬರ್ 2025

ಮಗನೇ,

ದೀಪಾವಳಿಗೆ ಮೇಲಿನ ಹುಡುಗಿಯರೆಲ್ಲ ಊರಿಗೆ ಹೋದರು. ನಿನಗೆ ಉತ್ತರ ಬರೆಯಲಿಕ್ಕೆಂದು ಕೂತು ಮೂರು ಹಾಳೆ ಹರಿದೆ.

ನೀನು ಏನೂ ಮಾಡಿಲ್ಲ. ದೀಪಶ್ರೀಯೂ ಏನೂ ಮಾಡಿಲ್ಲ. ಇದನ್ನು ಬೇಕಾದರೆ ನಿತ್ಯಾನಂದನಿಗೆ ಓದಿ ಹೇಳು. ಮುಂದಿನದ್ದು ನಿನಗೆ ಮಾತ್ರ.

ಪಲ್ಕೆಗೆ ನೀನು ಮೊದಲ ಮಗು, ಸರಿ. ನನಗೆ ಅಲ್ಲ. ಮೊದಲು ಒಬ್ಬಳಿದ್ದಳು, ನೆರೆಯಲ್ಲಿ ನೀರಿಗೆ ಹೋದಳು ಎಂದು ನಿನಗೆ ಗೊತ್ತುಂಟು. ನಾವು ಹೇಳಿದ್ದೂ ಅಷ್ಟನ್ನೇ. ನೀನು ಕೇಳಲಿಲ್ಲ, ನಿನ್ನ ಅಪ್ಪನಿಗೆ ಹೇಳಲು ಆಗಲಿಲ್ಲ. ಅವಳ ಹೆಸರು ಗುಲಾಬಿ. ನಾಲ್ಕು ವರ್ಷ. ಕಾಗೆಯನ್ನು ‘ಅಣ್ಣ’ ಎಂದು ಕರೆಯುತ್ತಿದ್ದಳು. ಅದು ಬಂದು ಕೂತರೆ ತನ್ನ ಬಟ್ಟಲಿನ ಅನ್ನವನ್ನು ಅಂಗಳಕ್ಕೆ ಚೆಲ್ಲಿ ‘ಅಣ್ಣ ಉಂಡ’ ಎನ್ನುತ್ತಿದ್ದಳು. ಫೋಟೋ ಇಲ್ಲ. ಕುದ್ರಿಗೆ ಫೋಟೋ ತೆಗೆಯುವವರು ಯಾರು ಬರುತ್ತಿದ್ದರು?

ಅವಳು ಸಿಗಲಿಲ್ಲ. ನೀರಿಗೆ ಹೋದ ಉಳಿದವರೆಲ್ಲ ಒಬ್ಬೊಬ್ಬರಾಗಿ ಕೆಳಗೆ ಪಾಣೆಮಂಗಳೂರಿನವರೆಗೆ ಅಲ್ಲಲ್ಲಿ ಸಿಕ್ಕಿದರು. ಗುಲಾಬಿ ಸಿಗಲಿಲ್ಲ. ಅದಕ್ಕೆ ನನಗೆ ಹೊಳೆಬದಿಯನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ. ಒಂದು ವೇಳೆ ಯಾರಾದರೂ ಎತ್ತಿಕೊಂಡಿದ್ದು, ಅವಳನ್ನು ಕರೆದುಕೊಂಡು ಬಂದರೆ ಅಲ್ಲಿ ಯಾರೂ ಇರುವುದಿಲ್ಲವಲ್ಲ ಎಂದು. ನೀವು ಹಬ್ಬ ಮಾಡುವ ಆ ಮೊದಲ ಲಾರಿ ಉಂಟಲ್ಲ, ನಾನು ಅದನ್ನು ಹತ್ತಲಿಲ್ಲ. ನಿನ್ನ ಅಪ್ಪ ಎತ್ತಿ ಕೂರಿಸಿದರು.

ಶಾಲೆಯ ಮೈದಾನದಲ್ಲಿ ನಿಂತರೆ ಈಗಲೂ ಕೆಳಗೆ ಹೊಳೆ ಕಾಣುತ್ತದೆಯಲ್ಲ? ನಿನ್ನ ಅಪ್ಪ ಇರುವಷ್ಟು ದಿನ ಅದನ್ನು ನೋಡಿಕೊಂಡು ಇದ್ದೆ. ಇಲ್ಲಿ ಹೊಳೆ ಇಲ್ಲ. ಕೆರೆಗಳು ಬೇಕಾದಷ್ಟು ಉಂಟು. ಕೆರೆಯ ನೀರು ಇದ್ದಲ್ಲೇ ಇರುತ್ತದೆ. ನಾನು ಇಲ್ಲಿಗೆ ಬಂದದ್ದು ಇದಕ್ಕೆ. ಯಾರ ಮೇಲೆಯೂ ಸಿಟ್ಟಿನಿಂದ ಅಲ್ಲ.

ಅಮ್ಮ

* * *

ನೆಲ್ಲಿಪಲ್ಕೆ
16 ನವೆಂಬರ್ 2025

ಅಮ್ಮ,

ನಿನ್ನ ಕಾಗದ ಅಂಗಡಿಗೆ ಬಂತು. ಓದಿ ಶಟರ್ ಅರ್ಧ ಎಳೆದು ಒಳಗೆ ಕೂತೆ. ಅಕ್ಕ ಎಂದು ಬರೆಯಲೂ ಕೈಗೆ ಅಭ್ಯಾಸವಿಲ್ಲ. ಸತ್ತಾಗ ಅವಳಿಗೆ ನಾಲ್ಕು ವರ್ಷ, ನನ್ನ ಮಗಳಿಗೇ ಈಗ ಹದಿನೇಳು. ಯಾವ ವಯಸ್ಸಿನ ಅಕ್ಕ ಎಂದು ಯೋಚಿಸಬೇಕು?

ಬೇಕರಿಗೆ ಹೋಗಿ ಹಕೀಮಣ್ಣನನ್ನು ಕೇಳಿದೆ. ನೆರೆಯ ಹೊತ್ತಿಗೆ ಅವರಿಗೆ ಏಳೆಂಟು ವರ್ಷವಂತೆ. ಗುಲಾಬಿ ಎಂದ ಕೂಡಲೇ ಅವರ ಮುಖ ಬೇರೆಯಾಯಿತು. “ಇಷ್ಟು ಕುಳ್ಳಿ, ಆದ್ರೆ ಸ್ವರ ಎಂಥದ್ದು ಗೊತ್ತುಂಟಾ ಮಾರಾಯ! ನನ್ನನ್ನು ಆಕಿಮ, ಆಕಿಮ ಅಂತ ಕರೀತಿದ್ಲು. ನಾನು ಮೀನು ಹಿಡೀಲಿಕ್ಕೆ ಹೋದ್ರೆ ಡಬ್ಬ ಹಿಡ್ಕೊಂಡು ಹಿಂದೆಯೇ ಬರ್ತಿದ್ಲು. ಉಮ್ಮ ಪತ್ತಿರ್ ಮಾಡಿದ ದಿನ ನಮ್ಮಲ್ಲೇ ಊಟ ಅವಳಿಗೆ” ಎಂದರು. ಪತ್ತಿರ್ ಅಕ್ಕಿ ರೊಟ್ಟಿ ಅಲ್ಲವಾ, ಅವಳಿಗೂ ಇಷ್ಟವಿತ್ತಾ? ನನಗೂ ಇಷ್ಟ.

ನೀರಿಗೆ ಹೋದದ್ದು ಹೇಗೆ ಎಂದು ಕೇಳಿದೆ. “ಬನ್ನು ಸೀದು ಹೋಗ್ತದೆ, ಈಗ ಬಂದೆ” ಎಂದು ಒಳಗೆ ಹೋದರು. ಒಳಗೆ ಭಟ್ಟಿಯ ಹತ್ತಿರ ಅವರ ಮಗ ಇಹ್ಸಾನ್ ಇದ್ದ. ಬನ್ನು ಸೀಯುವ ಹಾಗೆ ಇರಲಿಲ್ಲ. ಚಾ ಆರುವವರೆಗೆ ಕಾದೆ. ಅವರು ಹೊರಗೆ ಬರಲಿಲ್ಲ.

ಅಮ್ಮ, ನನಗೊಂದು ಮನಸ್ಸಾಗಿದೆ. ಸನ್ಮಾನದ ಹೊತ್ತಿಗೆ ನಾನು ಎರಡು ಮಾತು ಆಡಬೇಕು. ಆಗ ಅವಳ ಹೆಸರನ್ನು ಹೇಳುವುದಾ? ಬೇಡವೆಂದರೆ ಇಲ್ಲ. ನಿನ್ನ ಉತ್ತರಕ್ಕೆ ಕಾಯುತ್ತೇನೆ.

ಚಿದಾನಂದ

* * *

ನೆಲ್ಲಿಪಲ್ಕೆ
30 ಡಿಸೆಂಬರ್ 2025

ಅಮ್ಮ,

ನಿನ್ನ ಉತ್ತರ ಬರಲಿಲ್ಲ. ಬೇಡ ಎಂದು ಬರೆದಿಲ್ಲವಲ್ಲ ಎಂದುಕೊಂಡು ನಾನು ಹೇಳಿಬಿಟ್ಟೆ. ಏನಾಯಿತೆಂದು ಯಾರಾದರೂ ನಿನಗೆ ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಜನ ತುಂಬ ಸೇರಿದ್ದರು. ಬಿ.ಸಿ.ರೋಡಿನಿಂದಲೂ ಬಂದಿದ್ದರು. ವೇದಿಕೆಯ ನಡುವೆ ಎರಡು ದೊಡ್ಡ ಕುರ್ಚಿ, ಮದುಮಕ್ಕಳು ಕೂರುವಂಥದ್ದು. ಒಂದರಲ್ಲಿ ರುಖಿಯಮ್ಮನನ್ನು ಹಕೀಮಣ್ಣ ಎತ್ತಿ ತಂದು ಕೂರಿಸಿದರು. ಇನ್ನೊಂದು ಖಾಲಿ. ನಿತ್ಯಾನಂದಣ್ಣ “ತೆಗೀರಿ ಅದನ್ನು, ಫೋಟೋದಲ್ಲಿ ಚಂದ ಕಾಣುದಿಲ್ಲ” ಎಂದರು. “ಇರ್ಲಿ” ಎಂದೆ. ನನ್ನ ಸ್ವರ ಕೇಳಿ ಅವರು ಮೈಕಿನ ಕಡೆಗೆ ಹೋದರು. ಶಾಲು ದಪ್ಪದ್ದನ್ನೇ ತಂದಿದ್ದೆ, ಉಣ್ಣೆಯದ್ದು. ರುಖಿಯಮ್ಮ ಅದರೊಳಗೆ ಮುದುಡಿ ತಲೆ ತಗ್ಗಿಸಿ ಕೂತಿದ್ದರು.

ನನ್ನ ಸರದಿ ಬಂತು. ಬರೆದುಕೊಂಡದ್ದನ್ನು ಕಿಸೆಯಿಂದ ತೆಗೆಯಲಿಲ್ಲ. “ನನ್ನನ್ನು ಈ ಊರಿನ ಮೊದಲ ಮಗು ಅಂತ ಕರೆದಿದ್ದೀರಿ. ನನಗಿಂತ ಮೊದಲು ಕುದ್ರಿನಲ್ಲಿ ನನ್ನ ಅಕ್ಕ ಇದ್ದಳು. ಗುಲಾಬಿ. ನೆರೆಯಲ್ಲಿ ಹೋದಳು. ಅವಳು ಈ ಊರನ್ನು ನೋಡಲೇ ಇಲ್ಲ” ಎಂದೆ.

ಆಗ ರುಖಿಯಮ್ಮ ತಲೆ ಎತ್ತಿದರು. ಮೈಕು ಅವರಿಗೆ ಹತ್ತಿರವೇ ಇತ್ತು. ನಿನ್ನ ಹೆಸರು ಹಿಡಿದು ತುಳುವಿನಲ್ಲಿ ಕೇಳಿದರು, “ಸೇಸಮ್ಮನ ಮಗು ಎಲ್ಲಿ? ನೀರು ಬರ್ತಾ ಉಂಟು. ಮಗುವನ್ನು ನನ್ನ ಕೈಗೆ ಕೊಡು ಸೇಸಮ್ಮ, ನನ್ನ ಕೈಗೆ ಕೊಡು.” ಶಾಲಿನಿಂದ ಎರಡೂ ಕೈಗಳನ್ನು ಹೊರಗೆ ತೆಗೆದು ಚಾಚಿದರು, ಖಾಲಿ ಕುರ್ಚಿಯ ಕಡೆಗೆ. ಮೈದಾನಕ್ಕೆಲ್ಲ ಕೇಳಿತು. ಕಾರ್ಯಕ್ರಮ ನಿರೂಪಿಸಲು ಮಂಗಳೂರಿನಿಂದ ಕರೆಸಿದವ ಏನು ತಿಳಿದನೋ, “ನಮ್ಮ ಹಿರಿಯ ಜೀವಕ್ಕೆ ಜೋರಾದ ಚಪ್ಪಾಳೆ!” ಎಂದ. ಎಲ್ಲರೂ ತಟ್ಟಿದರು. ಆ ಶಬ್ದಕ್ಕೆ ರುಖಿಯಮ್ಮ ಬೆದರಿ ಅಳಲು ತೊಡಗಿದರು. ಹಕೀಮಣ್ಣ ಅವರನ್ನು ಎತ್ತಿಕೊಂಡು ವೇದಿಕೆಯ ಹಿಂದಿನಿಂದ ಇಳಿದು ಹೋದರು. ನಾನು ಹಿಂದೆ ಓಡಿದೆ. ಅವರ ಕಣ್ಣಿನಲ್ಲಿ ನೀರು. “ನೀನು ತಪ್ಪು ಮಾಡಿದ್ದಲ್ಲ ಚಿದಾನಂದ. ಆದ್ರೆ ಈಗ ಎಂತ ಕೇಳ್ಬೇಡ” ಎಂದರು.

ಮತ್ತೆ ಮಕ್ಕಳ ಡ್ಯಾನ್ಸು, ಊಟ ಎಲ್ಲ ಆಯಿತು. ಅಷ್ಟು ಜನರ ನಡುವೆ ಹಾರ ಹಾಕಿಕೊಂಡು ನಿಂತಿದ್ದೆ. ನನ್ನಷ್ಟು ಒಂಟಿ ಆ ಮೈದಾನದಲ್ಲಿ ಯಾರೂ ಇರಲಿಲ್ಲ.

ರುಖಿಯಮ್ಮ ಹಾಗೆ ಯಾಕೆ ಕೇಳಿದರು, ಅಮ್ಮ?

ಚಿದಾನಂದ

* * *

ಮೂಡುಬಿದಿರೆ
9 ಜನವರಿ 2026

ಮಗನೇ,

ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಇದ್ದದ್ದು ಬೇಕೆಂದೇ. ಬೇಡ ಎನ್ನಲಿಕ್ಕೂ ಆಗಲಿಲ್ಲ, ಹೂಂ ಎನ್ನಲಿಕ್ಕೂ ಆಗಲಿಲ್ಲ. ಅಷ್ಟು ಜನ ಒಟ್ಟಿಗೆ ಅವಳ ಹೆಸರು ಕೇಳಿದ್ದು ಅದೇ ಮೊದಲು. ನನಗೆ ಬೇಸರವಾಯಿತೋ ಸಂತೋಷವಾಯಿತೋ ಇನ್ನೂ ತಿಳಿಯುತ್ತಿಲ್ಲ.

ಈಗ ಹೇಳುತ್ತೇನೆ. ಆ ದಿನ ಬೆಳಕು ಹರಿಯುವಾಗಲೇ ಅಂಗಳಕ್ಕೆ ನೀರು ಬಂದಿತ್ತು. ನಿನ್ನ ಅಪ್ಪ ಹಿಂದಿನ ದಿನ ಲೋಡಿಂಗ್ ಕೆಲಸಕ್ಕೆ ಹೋದವರು ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದರು. ಇದ್ದದ್ದು ಒಂದೇ ದೋಣಿ. ಮಕ್ಕಳಿದ್ದವರು ಮೊದಲು ಹತ್ತಿ ಎಂದರು. ನನ್ನ ಅತ್ತೆಗೆ ನಡೆಯಲಿಕ್ಕಾಗುತ್ತಿರಲಿಲ್ಲ, ಒಳಗೆ ಮಂಚದಲ್ಲಿದ್ದರು. ರುಖಿಯ ಹಕೀಮನನ್ನು ಹಿಡಿದುಕೊಂಡು ದೋಣಿಯಲ್ಲಿ ಕೂತಾಗಿತ್ತು. ನಾನು ಅತ್ತ ಇತ್ತ ನೋಡುವುದನ್ನು ಕಂಡು ಅವಳೇ ಕೈ ಚಾಚಿದಳು. “ಮಗುವನ್ನು ನನ್ನ ಕೈಗೆ ಕೊಡು ಸೇಸಮ್ಮ. ನೀನು ಅತ್ತೆಯನ್ನು ಕರಕೊಂಡು ಇನ್ನೊಂದು ಸರ್ತಿಗೆ ಬಾ” ಎಂದಳು. ಕೊಟ್ಟೆ. ಗುಲಾಬಿ ಅಳಲಿಲ್ಲ. ಅವಳಿಗೆ ರುಖಿಯಳ ಕೈ ಹೊಸತಲ್ಲ.

ದೋಣಿ ನಡುಹೊಳೆಯಲ್ಲಿದ್ದಾಗ ಬೇರುಸಹಿತ ಒಂದು ಮರ ಬಂದು ಬಡಿಯಿತು. ನಾನು ದಡದಲ್ಲಿ ನಿಂತು ನೋಡಿದೆ. ದೋಣಿ ಮಗುಚಿತು. ರುಖಿಯಳ ಎರಡು ಕೈಯಲ್ಲಿ ಎರಡು ಮಕ್ಕಳು. ದೋಣಿಯ ಅಂಚನ್ನು ಹಿಡಿಯಲಿಕ್ಕೆ ಒಂದು ಕೈ ಬೇಕಿತ್ತು.

ನಾನಾಗಿದ್ದರೂ ನನ್ನ ಮಗುವನ್ನೇ ಹಿಡಿದುಕೊಳ್ಳುತ್ತಿದ್ದೆ. ನನ್ನ ಮನಸ್ಸಿನಲ್ಲಿ ಅವಳ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಬೇಕಾದರೆ ಆ ಮಾತನ್ನು ತೆಗೆಯಬೇಕಲ್ಲ? ಯಾರು ತೆಗೆಯುವುದು? ಪಲ್ಕೆಗೆ ಬಂದ ಮೇಲೆ ಅವಳ ಮನೆ, ನಮ್ಮ ಮನೆ ಒಂದೇ ಸಾಲು. ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದೆವು. ಎಲೆ ಕಡಿಮೆಯಾದರೆ ಕೊಟ್ಟಳು, ಕೊಟ್ಟೆ. ಲೋಕದ್ದೆಲ್ಲ ಮಾತಾಡಿದೆವು, ಅದೊಂದನ್ನು ಬಿಟ್ಟು. ನೀನು ಹುಟ್ಟಿದಾಗ ಊರಿನ ಹೆಂಗಸರೆಲ್ಲ ಬಂದು ಎತ್ತಿ ಆಡಿಸಿದರು. ಅವಳು ಬಾಗಿಲಲ್ಲಿ ನಿಂತು ನೋಡಿ ಹೋದಳು. ನಿನ್ನನ್ನು ಅವಳು ಒಂದು ದಿನವೂ ಎತ್ತಿಕೊಂಡವಳಲ್ಲ. ಬೇರೆ ಯಾರ ಮಗುವನ್ನೂ ಎತ್ತಿಕೊಳ್ಳಲಿಲ್ಲ.

ಅವಳಿಗೆ ಮರೆವು ಹಿಡಿಯಿತು ಎಂದು ಕೇಳಿದಾಗ, ಹೋಗಲಿ, ಇನ್ನಾದರೂ ಅವಳಿಗೆ ಬಿಡುಗಡೆಯಾಯಿತು ಎಂದುಕೊಂಡೆ. ನನ್ನ ಮುಖ ಕಂಡರೆ ಎಲ್ಲಿ ನೆನಪಾಗುತ್ತದೋ ಎಂದು ಬರಲಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂರದ್ದು ಅದಕ್ಕೆ. ಈಗ ಗೊತ್ತಾಯಿತು, ಹೆತ್ತ ಮಗನನ್ನು ಮರೆತವಳು ಅದೊಂದನ್ನು ಮರೆತಿಲ್ಲ.

ಮುಂದಿನ ಆದಿತ್ಯವಾರದ ಮರು ಆದಿತ್ಯವಾರ ಕಾರು ತೆಗೆದುಕೊಂಡು ಬಾ. ನನ್ನನ್ನು ಹಕೀಮನ ಮನೆಗೆ ಕರೆದುಕೊಂಡು ಹೋಗು. ಸಮಿತಿಯವರಿಗೆ ಹೇಳಬೇಡ. ಹಾರ, ಶಾಲು ಏನೂ ಬೇಡ.

ಅಮ್ಮ

* * *

ಮೂಡುಬಿದಿರೆ
28 ಜನವರಿ 2026

ಮಗ ಚಿದಾನಂದನಿಗೆ,

ಆದಿತ್ಯವಾರ ಹಕೀಮನ ಮನೆಯಿಂದ ಹಿಂದೆ ಬರುವಾಗ ಕಾರಿನ ಕನ್ನಡಿಯಲ್ಲಿ ನೀನು ನನ್ನನ್ನೇ ನೋಡುತ್ತಿದ್ದೆ. ಸಿದ್ಧಕಟ್ಟೆಯಲ್ಲಿ ನಿಲ್ಲಿಸಿ ಏನೋ ಕೇಳಿದೆ. ಕೇಳಿಸಿದರೂ ಕೇಳಿಸದ ಹಾಗೆ ಕೂತೆ. ನೀನು ಹೊರಗೆ ಬೇಕರಿಯಲ್ಲಿ ಹಕೀಮನ ಜೊತೆ ಇದ್ದಾಗ ಒಳಗೆ ಏನಾಯಿತೆಂದು ತಿಳಿಯುವ ಹಕ್ಕು ನಿನಗೂ ಉಂಟು, ಅವನಿಗೂ ಉಂಟು. ಓದಿ ಅವನಿಗೆ ಕೊಡು.

ರುಖಿಯ ಕಿಟಕಿಯ ಹತ್ತಿರದ ಮಂಚದಲ್ಲಿದ್ದಳು. ಒಣಗಿ ಹಕ್ಕಿಯಷ್ಟಾಗಿದ್ದಾಳೆ. ನನ್ನ ಗುರುತು ಹತ್ತಲಿಲ್ಲ. ಹತ್ತಿರ ಕೂತೆ. ಜಗಲಿಯಲ್ಲಿ ಬೀಡಿ ಕಟ್ಟುವಾಗ ಕೂರುತ್ತಿದ್ದಷ್ಟೇ ಹತ್ತಿರ. ಮತ್ತೆ ಅವಳು ನನ್ನ ಕೈ ಹಿಡಿದಳು. ಎಂಥ ಹಿಡಿತ, ಮಗನೇ! ಮೂಳೆ ನೋಯುವಷ್ಟು. ತುಟಿ ಅಲ್ಲಾಡಿತು. ನನಗೆ ಕೇಳಲಿಲ್ಲ. ಅವಳ ಬಾಯಿಗೆ ಕಿವಿ ಇಟ್ಟೆ.

“ಸೇಸಮ್ಮನ ಮಗು ಎಲ್ಲಿ?” ಎಂದು ನನ್ನನ್ನೇ ಕೇಳಿದಳು.

“ನಾನೇ ಸೇಸಮ್ಮ. ಮಗು ನನ್ನ ಹತ್ತಿರ ಉಂಟು. ನೀನು ತಂದು ಕೊಟ್ಟಿಯಲ್ಲ ರುಖಿಯ, ನನ್ನ ಕೈಗೇ ಕೊಟ್ಟೆ” ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. “ಚಂಡಿಯಾಗಿದ್ದಾಳಾ?” ಎಂದಳು.

“ಸ್ವಲ್ಪ ಚಂಡಿಯಾಗಿದ್ದಳು. ಒದ್ದೆ ತಲೆ ಒರಸಿ ಮಲಗಿಸಿದ್ದೇನೆ. ಒಳ್ಳೆ ನಿದ್ರೆ.”

“ಹಾಗಾದರೆ ಸರಿ” ಎಂದಳು. ಆ ಮೇಲೆ ಕೈ ಬಿಟ್ಟಳು. ಎರಡೂ ಕೈಗಳನ್ನು ಹಾಸಿಗೆಯ ಮೇಲೆ ಬಿಟ್ಟು, ಬೆರಳು ಸಡಿಲಿಸಿ ನಿದ್ದೆ ಹೋದಳು. ಅವಳು ಹಾಗೆ ಮಲಗಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಜಗಲಿಯಲ್ಲಿ ಮಧ್ಯಾಹ್ನ ಒರಗಿದಾಗಲೂ ಅವಳ ಮುಷ್ಟಿ ಬಿಗಿದೇ ಇರುತ್ತಿತ್ತು.

ನಾನು ಹೊರಗೆ ಬಂದು “ಬೇಗ ಹೋಗುವ” ಎಂದದ್ದು ನಿನಗೆ ಬೇಸರವಾಯಿತೆಂದು ಗೊತ್ತು. ದೀಪಶ್ರೀ ಊಟಕ್ಕೆ ಕಾಯುತ್ತಿದ್ದಳು. ನಿನ್ನ ಮನೆಯ ಮೆಟ್ಟಿಲನ್ನೂ ಹತ್ತದೆ ಬಂದೆ. ಏನಾಯಿತೆಂದರೆ, ರುಖಿಯಳಿಗೆಂದು ಹೇಳಿದ ಮಾತು ನನ್ನನ್ನೇ ಹಿಡಿದುಕೊಂಡಿತು. ಮಗುವನ್ನು ಒಬ್ಬಳನ್ನೇ ಮಲಗಿಸಿ ಬಂದಿದ್ದೇನೆ, ಎದ್ದರೆ ಅಳುತ್ತಾಳೆ ಎಂದು ಜೀವಕ್ಕೆ ಒಂದೇ ಅವಸರ. ದಾರಿಯುದ್ದಕ್ಕೂ ಅದೇ. ನಿನಗೆ ಹೋಗಿ ಬಾ ಎಂದು ಸರಿಯಾಗಿ ಹೇಳಿದೆನೋ ಇಲ್ಲವೋ, ನೇರ ಹೋಗಿ ಬೀಗ ತೆಗೆದೆ. ಶಬ್ದವಾಗದ ಹಾಗೆ ಬಾಗಿಲು ದೂಡಿದೆ.

ಒಳಗೆ ಯಾರೂ ಇರಲಿಲ್ಲ.

ಅಮ್ಮ